ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದ ಕುಟುಂಬಕ್ಕೆ: ಮೊದಲು ಭಾನುವಾರದ ವ್ಯವಸ್ಥೆ ಮಾಡಿಕೊಳ್ಳಿ

ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು 11 ವರ್ಷ ಆಯಿತು. ಬಂದಾಗ ಮಗನಿಗೆ ನಾಲ್ಕು ವರ್ಷ. ಬೆಂಗಳೂರಿನಿಂದ ಹೊಸ ಸಂಸಾರಗಳು ಇಲ್ಲಿಗೆ ಬರುತ್ತಲೇ ಇರುತ್ತವೆ. ಬಾಷ್, ಮರ್ಸಿಡಿಸ್ ಎರಡರ ಮೂಲ ಮನೆಯೂ ಈ ಊರೇ. ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. ಹಾಗಾಗಿ ಇದು ನಮ್ಮವರಿಗೆ ಪಳಗಿದ ದಾರಿ. ವಿಳಾಸ ನೋಂದಣಿ, ಬ್ಯಾಂಕು, ವಿಮೆ, ವೀಸಾ ಎಲ್ಲದಕ್ಕೂ ಕಂಪನಿಯವರೇ ಪಟ್ಟಿ ಮಾಡಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದ ಒಂದು ವಿಷಯ ನಾನು ಹೇಳುತ್ತೇನೆ. ಅದು ಭಾನುವಾರ.

ಕೆಲಸಕ್ಕೆ ಹೋಗುವವರಿಗೆ ಮೊದಲ ದಿನದಿಂದಲೇ ಆಫೀಸು, ಜೊತೆಗಾರರು, ಮಾತು ಎಲ್ಲ ಇರುತ್ತದೆ. ಮನೆಯಲ್ಲಿ ಉಳಿಯುವವರಿಗೆ, ಮಕ್ಕಳಿಗೆ ಏನೂ ಇರುವುದಿಲ್ಲ. ಆದರೂ ವಾರದ ದಿನಗಳು ಹೇಗೋ ಕಳೆಯುತ್ತವೆ. ಭಾನುವಾರ ಬಂದರೆ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಂಡು ಕೂರಬೇಕು. ನನಗೆ ಗೊತ್ತಿರುವ ಎರಡು ಸಂಸಾರ "ಇಲ್ಲಿ ಆಗಲ್ಲ" ಎಂದು ವಾಪಸ್ ಹೋದರು. ಇಬ್ಬರೂ ಹೇಳಿದ್ದು ಕೆಲಸದ ಕಷ್ಟ ಅಲ್ಲ, ಚಳಿಯೂ ಅಲ್ಲ. ರಜೆಯ ದಿನ ಒಂಟಿತನ ತಡೆಯೋಕಾಗಲಿಲ್ಲ ಅಂದರು.

ನಮ್ಮ ಮೊದಲ ಭಾನುವಾರ ನನಗೆ ಚೆನ್ನಾಗಿ ನೆನಪಿದೆ. ಶನಿವಾರ ರಾತ್ರಿ ಹಾಲು ಮುಗಿದಿತ್ತು. ಬೆಳಿಗ್ಗೆ ಮಗನ ಕೈ ಹಿಡಿದು ಅಂಗಡಿಗೆ ಹೊರಟೆ. ಅಂಗಡಿ ಮುಚ್ಚಿತ್ತು. ಪಕ್ಕದ್ದೂ ಮುಚ್ಚಿತ್ತು. ಇಡೀ ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ, ಒಂದು ನರಪಿಳ್ಳೆಯೂ ಇರಲಿಲ್ಲ. "ಅಮ್ಮಾ, ಎಲ್ಲರೂ ಎಲ್ಲಿಗೆ ಹೋದ್ರು?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. ಉತ್ತರ ಸಿಗಲು ಮೂರು ತಿಂಗಳು ಬೇಕಾಯಿತು. ಎಲ್ಲರೂ ಕಾಡಿಗೆ ಹೋಗಿರುತ್ತಾರೆ. ಕೆರೆಯ ದಂಡೆಗೆ, ಪಾರ್ಕಿಗೆ, ದ್ರಾಕ್ಷಿ ತೋಟದ ದಾರಿಗೆ ಹೋಗಿರುತ್ತಾರೆ. ನೀವೂ ಅಲ್ಲಿಗೇ ಹೋಗಿ.

ಅದಕ್ಕೆ ಮೊದಲು ಸ್ವಲ್ಪ ತಯಾರಿ ಬೇಕು. ಭಾನುವಾರ ಅಂಗಡಿ ಮುಚ್ಚುವುದು ಇಲ್ಲಿ ಕಾನೂನು. ಕೆಲವು ಬೇಕರಿಗಳು ಬೆಳಿಗ್ಗೆ ಸ್ವಲ್ಪ ಹೊತ್ತು ತೆರೆದಿರುತ್ತವೆ. ಪೆಟ್ರೋಲ್ ಬಂಕ್, ದೊಡ್ಡ ರೈಲು ನಿಲ್ದಾಣದ ಅಂಗಡಿಗಳಲ್ಲಿ ತುರ್ತಿಗೆ ಏನಾದರೂ ಸಿಗುತ್ತದೆ. ಹಾಲು, ಮೊಸರು, ತರಕಾರಿ ಎಲ್ಲ ಶನಿವಾರವೇ ತಂದಿಡಿ. ಗೋಡೆಗೆ ಡ್ರಿಲ್ ಹಾಕುವುದು, ಗಾಜಿನ ಬಾಟಲಿ ಬೀದಿಯ ಡಬ್ಬಕ್ಕೆ ಹಾಕುವುದು ಭಾನುವಾರ ಮಾಡಬಾರದು. ನಾನು ಮಿಕ್ಸಿ ಕೆಲಸವನ್ನೂ ಶನಿವಾರವೇ ಮುಗಿಸುತ್ತೇನೆ. ಚಟ್ನಿ ರುಬ್ಬಿದರೆ ಯಾರೂ ಪೊಲೀಸರನ್ನು ಕರೆಯುವುದಿಲ್ಲ. ಆದರೆ ಕೆಳಗಿನ ಮನೆಯ ಅಜ್ಜಿಗೆ ವಾರದಲ್ಲಿ ಒಂದು ದಿನ ಸದ್ದಿಲ್ಲದೆ ಇರಲಿ ಅನ್ನಿಸುತ್ತದೆ.

ಇನ್ನು ಬಟ್ಟೆ. ಮಳೆ ಬಂದರೆ ಹೊರಗೆ ಹೋಗುವುದಿಲ್ಲ ಎಂದು ಕೂತರೆ ವರ್ಷದಲ್ಲಿ ಅರ್ಧ ಭಾನುವಾರ ಮನೆಯಲ್ಲೇ. ಮಕ್ಕಳಿಗೆ ಮಾಚ್‌ಹೋಜೆ ಎನ್ನುವ ರಬ್ಬರಿನಂಥ ಕೆಸರು ಪ್ಯಾಂಟು, ಗಮ್‌ಬೂಟು ಮೊದಲು ತೆಗೆದುಕೊಳ್ಳಿ. ಶಿಶುವಿಹಾರದಲ್ಲೂ ಕೇಳುತ್ತಾರೆ. ಹೊಸದೇ ಬೇಕೆಂದಿಲ್ಲ. ವಸಂತ ಮತ್ತು ಶರತ್ಕಾಲದಲ್ಲಿ ಶಿಶುವಿಹಾರಗಳ ಪೋಷಕರು ಸೇರಿ ಮಕ್ಕಳ ಹಳೇ ಬಟ್ಟೆಯ ಸಂತೆ ಮಾಡುತ್ತಾರೆ. ಒಳ್ಳೊಳ್ಳೆ ಬಟ್ಟೆ ಕಡಿಮೆ ದುಡ್ಡಿಗೆ ಸಿಗುತ್ತದೆ. ನಾಚಿಕೊಳ್ಳಬೇಡಿ. ಇಲ್ಲಿನ ಅನುಕೂಲಸ್ಥರೂ ಅಲ್ಲೇ ಕೊಳ್ಳುತ್ತಾರೆ.

ಮೊದಲ ಸಲ ಕಿಲ್ಲೆಸ್‌ಬೆರ್ಗ್ ಪಾರ್ಕಿಗೆ ಹೋಗಿ. ಒಳಗೆ ಹೋಗಲು ದುಡ್ಡಿಲ್ಲ. ಬೇಸಿಗೆಯಲ್ಲಿ ಮಕ್ಕಳಿಗೆ ಪುಟ್ಟ ರೈಲು ಓಡುತ್ತದೆ. ಆಡು ಮುಂತಾದ ಪ್ರಾಣಿಗಳಿರುವ ಮೂಲೆ ಇದೆ. ತಂತಿಗಳಿಂದ ಬಿಗಿದು ನಿಲ್ಲಿಸಿರುವ ಗೋಪುರ ಒಂದಿದೆ. ತುಂಬ ಜನ ಹತ್ತಿದರೆ ಅದು ಸ್ವಲ್ಪ ತೂಗುತ್ತದೆ, ಭಯ ಬೇಡ. ಮೇಲೆ ನಿಂತರೆ ಊರು ಬೋಗುಣಿಯ ತಳದಲ್ಲಿ ಕೂತಿರುವುದು ಕಾಣುತ್ತದೆ. ಮಕ್ಕಳು ಸೈಕಲ್ ಓಡಿಸುವ ವಯಸ್ಸಿನವರಾದರೆ ಮಾಕ್ಸ್ ಐತ್ ಕೆರೆ ಒಳ್ಳೆಯದು. ವಿಲ್‌ಹೆಲ್ಮಾ ಮೃಗಾಲಯಕ್ಕೆ ಟಿಕೆಟ್ ದುಬಾರಿ. ಮ್ಯಾಗ್ನೋಲಿಯಾ ಅರಳುವ ವಸಂತದಲ್ಲಿ ಒಮ್ಮೆ ಹೋಗಿ, ಆಮೇಲೆ ವರ್ಷದ ಪಾಸ್ ಬೇಕೋ ಬೇಡವೋ ಯೋಚಿಸಿ.

ದೂರ ಹೋಗುವ ಮನಸ್ಸಿದ್ದರೆ ಈ ರಾಜ್ಯದ ಹೆಸರಿನದೇ ಬಾಡೆನ್-ವುರ್ಟೆಂಬರ್ಗ್ ಟಿಕೆಟ್ ಇದೆ. ಐದು ಜನರವರೆಗೆ ಒಟ್ಟಿಗೆ ತೆಗೆದುಕೊಂಡು ಇಡೀ ದಿನ ರಾಜ್ಯದೊಳಗಿನ ಪ್ಯಾಸೆಂಜರ್ ರೈಲುಗಳಲ್ಲಿ ಓಡಾಡಬಹುದು. ಇದೇ ಟಿಕೆಟ್‌ನಿಂದ ನಮಗೆ ಗೆಳೆಯರಾದರು ಎಂದರೆ ತಪ್ಪಲ್ಲ. ನಾವು ಮೂವರು. ಇನ್ನಿಬ್ಬರು ಬರಬಹುದು ಅಂತ ಪರಿಚಯದ ಒಂದು ಹೊಸ ಜೋಡಿಯನ್ನು ಕರೆದೆವು. ಬಾಡ್ ಉರಾಖ್ ಜಲಪಾತಕ್ಕೆ ಹೋದೆವು. 37 ಮೀಟರ್ ಎತ್ತರದಿಂದ ನೀರು ಬೀಳುತ್ತದೆ. ಜೋಗ ನೋಡಿದವರಿಗೆ ಅದು ಸಣ್ಣದು. ಆದರೆ ಹಸಿರು ಪಾಚಿಯ ಬಂಡೆ, ತಣ್ಣನೆಯ ಕಾಡು, ಕಾಲುದಾರಿ ನೋಡಿದರೆ ಮಲೆನಾಡು ನೆನಪಾಗದೆ ಇರುವುದಿಲ್ಲ. ಆ ಜೋಡಿಯ ಹುಡುಗಿ ಸಾಗರದ ಕಡೆಯವಳು. ಬಂಡೆಯ ಮೇಲೆ ಕೂತು ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತ, "ಅಕ್ಕಾ, ಆರು ವಾರದಿಂದ ಕನ್ನಡದಲ್ಲಿ ಮಾತಾಡಿದ್ದು ಫೋನಲ್ಲಿ ಮಾತ್ರ" ಎಂದಳು. ಈಗ ಅವಳ ಮಗಳು ನಮ್ಮ ಮನೆಯಲ್ಲೇ ಜಾಸ್ತಿ ಇರುತ್ತಾಳೆ.

ಇನ್ನೆರಡು ಊರು ಕನ್ನಡದವರು ನೋಡಲೇಬೇಕು. ಎಸ್‌ಲಿಂಗೆನ್‌ಗೆ ಲೋಕಲ್ ರೈಲಿನಲ್ಲಿ ಸುಮಾರು ಕಾಲು ಗಂಟೆಯ ದಾರಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲಿ. ಟ್ಯೂಬಿಂಗೆನ್‌ಗೆ ಸುಮಾರು ಒಂದು ಗಂಟೆ. 1894ರ ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ಕಣ್ಮುಚ್ಚಿದ ಊರು ಅದು. ಅಲ್ಲಿ ನೆಕ್ಕರ್ ನದಿಯ ದಂಡೆಯಲ್ಲಿ ನಡೆಯುತ್ತ ಮಗನಿಗೆ ಹೇಳಿದೆ: ನಾವು ಭಾಷೆ ಕಲಿಯಲು ಒದ್ದಾಡುತ್ತಿದ್ದೇವಲ್ಲ, ಈ ಕಡೆಯಿಂದ ಹೋದವರು ನಮ್ಮ ಭಾಷೆಯನ್ನು ಹೀಗೇ ಒದ್ದಾಡಿ ಕಲಿತರು. ಅವನ ಜರ್ಮನ್ ಪಾಠಕ್ಕೆ ಅದು ಸ್ವಲ್ಪ ಧೈರ್ಯ ಕೊಟ್ಟಿತು.

ಈಗ ಊಟದ ಮಾತು. ಮೊದಲ ವಾರವೇ ಊರಿನಿಂದ ಪಾರ್ಸಲ್ ತರಿಸುವ ಅಗತ್ಯ ಇಲ್ಲ. ಮಾಮೂಲಿ ಸೂಪರ್ ಮಾರ್ಕೆಟ್‌ನಲ್ಲೇ ಅರ್ಧ ಅಡುಗೆಮನೆ ಇದೆ, ಹೆಸರು ಗೊತ್ತಿರಬೇಕು ಅಷ್ಟೆ. ವೈಖ್‌ವೈತ್ಸೆನ್‌ಗ್ರೀಸ್ ಎಂದು ಬರೆದ ಪೊಟ್ಟಣ ನಮ್ಮ ರವೆ. ಉಪ್ಪಿಟ್ಟಿಗೂ ಆಗುತ್ತದೆ, ಕೇಸರಿಬಾತಿಗೂ ಆಗುತ್ತದೆ. ಹಾರ್ಟ್‌ವೈತ್ಸೆನ್ ಎಂದಿದ್ದರೆ ಅದು ಬೇರೆ ಗೋಧಿ, ಸ್ವಲ್ಪ ಗಡುಸು, ನೀರು ಜಾಸ್ತಿ ಕುಡಿಯುತ್ತದೆ. ಮಿಲ್ಖ್‌ರೈಸ್ ಅನ್ನುವ ಗುಂಡು ಅಕ್ಕಿ ಮೊಸರನ್ನಕ್ಕೆ, ಪೊಂಗಲ್‌ಗೆ ಚೆನ್ನಾಗಿ ಮೆತ್ತಗಾಗುತ್ತದೆ. ಬುಟರ್‌ಮಿಲ್ಖ್ ಅಂದರೆ ಮಜ್ಜಿಗೆ. ಹುಳಿ ಹದವಾಗಿರುತ್ತದೆ, ಮಜ್ಜಿಗೆಹುಳಿಗೆ ಹೇಳಿ ಮಾಡಿಸಿದ ಹಾಗೆ. ಕುದಿಯಲು ಬಿಡಬೇಡಿ, ಕೊನೆಯಲ್ಲಿ ಹಾಕಿ ಬಿಸಿ ಮಾಡಿ ಇಳಿಸಿ. ಕೋಲ್‌ರಾಬಿ ನಮ್ಮ ನವಿಲುಕೋಸು. ಕೇಸರಿ ಬಣ್ಣದ ಹೊಕ್ಕೈಡೋ ಕುಂಬಳಕಾಯಿಯ ಸಿಪ್ಪೆ ತೆಗೆಯುವುದೇ ಬೇಡ, ಬೆಂದರೆ ಮೆತ್ತಗಾಗುತ್ತದೆ. ಮಂಗಳವಾರ, ಗುರುವಾರ, ಶನಿವಾರ ಊರಿನ ನಡುವಿನ ಮಾರ್ಕ್ಟ್‌ಪ್ಲಾಟ್ಸ್‌ನಲ್ಲಿ ರೈತರ ಸಂತೆ ಇರುತ್ತದೆ. ಕೊತ್ತಂಬರಿ, ಪಾಲಕ್ ಅಲ್ಲಿ ತಾಜಾ.

ತೊಗರಿಬೇಳೆ, ಸೋನಾ ಮಸೂರಿ, ರಾಗಿಹಿಟ್ಟಿಗೆ ನಮ್ಮ ದೇಶದವರ ಅಂಗಡಿಗೆ ಹೋಗಲೇಬೇಕು. ಕರಿಬೇವು, ನುಗ್ಗೆಕಾಯಿ, ತುರಿದ ತೆಂಗಿನಕಾಯಿಗೆ ಶ್ರೀಲಂಕಾ ತಮಿಳರ ಅಂಗಡಿಗಳೇ ವಾಸಿ. ಹೊಸ ಮಾಲು ಯಾವ ದಿನ ಬರುತ್ತದೆ ಎಂದು ಕೇಳಿಕೊಳ್ಳಿ. ಅವತ್ತು ಸಂಜೆಯೇ ಹೋದರೆ ಕರಿಬೇವು ಕೈಗೆ ಹತ್ತುವಷ್ಟು ಘಮ್ಮೆನ್ನುತ್ತದೆ. ತೊಳೆದು, ಒರೆಸಿ, ಒಣಗಿಸಿ ಫ್ರೀಜರ್‌ನಲ್ಲಿಟ್ಟರೆ ಒಂದು ತಿಂಗಳು ಯೋಚನೆ ಇಲ್ಲ.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಹುದುಗುವುದಿಲ್ಲ ಎಂಬ ದೂರು ಎಲ್ಲ ಮನೆಯಲ್ಲೂ ಇದ್ದದ್ದೇ. ಓವನ್ ಬಿಸಿ ಮಾಡಬೇಡಿ. ಒಳಗಿನ ದೀಪ ಮಾತ್ರ ಹಾಕಿ, ಪಾತ್ರೆ ಇಟ್ಟು ಬಾಗಿಲು ಮುಚ್ಚಿ. ರಾತ್ರಿ ಇಟ್ಟರೆ ಬೆಳಿಗ್ಗೆ ಹಿಟ್ಟು ಉಬ್ಬಿರುತ್ತದೆ. ಕೆಳಗೊಂದು ತಟ್ಟೆ ಇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಕ್ಕಳಿಗೆ ಬ್ಯಾಂಕಿನಲ್ಲಿ, ಔಷಧಿ ಅಂಗಡಿಯಲ್ಲಿ, ಹುಟ್ಟುಹಬ್ಬದಲ್ಲಿ ಎಲ್ಲರೂ ಕೈಗೆ ಕೊಡುವ ಗಮ್ಮಿ ಮಿಠಾಯಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅದು ಹೆಚ್ಚಾಗಿ ಹಂದಿಯದು. ಪೊಟ್ಟಣದ ಮೇಲೆ 'ವೀಗನ್' ಎಂದಿದ್ದರೆ ಕೊಡಬಹುದು. ಬ್ರೆತ್ಸೆಲ್ ಎಂಬ ಈ ಕಡೆಯ ಗಂಟು ಹಾಕಿದಂಥ ಬ್ರೆಡ್ಡಿಗೆ ಕೆಲವು ಬೇಕರಿಗಳಲ್ಲಿ ಹಂದಿ ಕೊಬ್ಬು ಹಾಕುವ ಪದ್ಧತಿ ಇದೆ, ಕೇಳಿ ತಗೊಳ್ಳಿ. ಇಲ್ಲಿನ ಬೇಳೆ-ಸ್ಪೆಟ್ಸ್‌ಲೆ (ಬೇಳೆಯ ಜೊತೆ ಮೊಟ್ಟೆ ಹಾಕಿದ ದಪ್ಪ ಶಾವಿಗೆಯಂಥದ್ದು) ನೋಡಲು ನಮ್ಮ ಊಟದಂತೆ ಕಂಡರೂ ಬೇಳೆಯೊಳಗೆ ಹೆಚ್ಚಾಗಿ ಮಾಂಸದ ಚೂರು ಇರುತ್ತದೆ. ಮೊಟ್ಟೆ ತಿನ್ನುವವರಾದರೆ ಚೀಸ್ ಹಾಕಿದ ಕೇಜೆಸ್ಪೆಟ್ಸ್‌ಲೆ ಕೇಳಿ. ಮಕ್ಕಳು ಬಡಿದಾಡಿಕೊಂಡು ತಿನ್ನುತ್ತಾರೆ.

ಜರ್ಮನ್ ನೆರೆಹೊರೆಯವರ ವಿಷಯಕ್ಕೆ ಬಂದರೆ, ಮೆಟ್ಟಿಲಲ್ಲಿ ಎದುರಾದವರಿಗೆಲ್ಲ "ಗ್ರೂಸ್ ಗಾಟ್" ಹೇಳಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ. ಉಳಿದರ್ಧ ಕೇರ್‌ವೋಖೆ. ಅಂದರೆ ಮೆಟ್ಟಿಲು, ನಡೆ, ಮನೆಮುಂದಿನ ದಾರಿ ಗುಡಿಸುವ ಸರದಿ. ಅನೇಕ ಕಟ್ಟಡಗಳಲ್ಲಿ ಈಗಲೂ ಇದೆ. ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಹಲಗೆ ನೇತು ಹಾಕುತ್ತಾರೆ. ನಮ್ಮ ಬಾಗಿಲಿಗೆ ಮೊದಲ ಸಲ ಅದು ಬಂದಾಗ ನಾನು ಏನೆಂದು ತಿಳಿಯದೆ ಮೇಲಿನ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಒಂದು ಮಾತೂ ಆಡದೆ ಒಳಗೆ ಹೋಗಿ ಎರಡು ಪೊರಕೆ ತಂದರು. ಒಂದು ನನ್ನ ಕೈಗೆ ಕೊಟ್ಟರು. ಮೇಲಿನ ಮೆಟ್ಟಿಲಿಂದ ಶುರು ಮಾಡಿ, ಮೂಲೆಗೆ ಹೇಗೆ ಪೊರಕೆ ಹಾಕಬೇಕು ಎಂದು ಜೊತೆಗೇ ಗುಡಿಸಿ ತೋರಿಸಿದರು. ಮುಗಿದ ಮೇಲೆ ಒಂದು ಬಟ್ಟಲು ಕೋಡುಬಳೆ ಕೊಟ್ಟೆ. ಅವರಿಗೆ ಖಾರ ಹಿಡಿಸಿತು. ಬಟ್ಟಲು ವಾಪಸ್ ಬಂದಾಗ ಅದರಲ್ಲಿ ಅವರು ಮಾಡಿದ ಸೇಬಿನ ಕೇಕ್ ಇತ್ತು. ಬಟ್ಟಲು ಖಾಲಿ ಕೊಡಬಾರದು ಅನ್ನುವುದು ನಮ್ಮಲ್ಲಿ ಮಾತ್ರ ಅಂತ ಅಂದುಕೊಂಡಿದ್ದೆ.

ಜರ್ಮನ್ ನೆರೆಯವರು ಮನೆಗೆ ಕರೆದರೆ ಹೇಳಿದ ಹೊತ್ತಿಗೇ ಹೋಗಿ. ಮಧ್ಯಾಹ್ನದ ಕಾಫಿ-ಕೇಕ್‌ಗೆ ಕರೆದಿದ್ದರೆ ಊಟ ನಿರೀಕ್ಷಿಸಬೇಡಿ, ಊಟ ಮಾಡಿಯೇ ಹೋಗಿ. ಮಕ್ಕಳ ಹುಟ್ಟುಹಬ್ಬದ ಕರೆಯೋಲೆಯಲ್ಲಿ ಮುಗಿಯುವ ಸಮಯವೂ ಇರುತ್ತದೆ. 6 ಗಂಟೆ ಎಂದಿದ್ದರೆ 6ಕ್ಕೆ ಮಗುವನ್ನು ಕರೆದುಕೊಂಡು ಬರಬೇಕು. ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲೇ ಶುಭಾಶಯ ಹೇಳಬೇಡಿ. ಅದು ಅಪಶಕುನ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ.

ನಮ್ಮವರ ನಡುವೆ ಇಷ್ಟು ಲೆಕ್ಕ ಬೇಡ. ಆದರೆ ನೀವು ಕರೆಸಿಕೊಳ್ಳಲು ಕಾಯಬೇಡಿ, ನೀವೇ ಕರೆಯಿರಿ. ಮನೆಗೆ ಸೋಫಾ ಬರಲಿ, ಪರದೆ ಬರಲಿ ಎಂದು ಮುಂದೂಡುವವರನ್ನು ತುಂಬ ನೋಡಿದ್ದೇನೆ. ಚಾಪೆ ಹಾಸಿ, ಬಿಸಿಬೇಳೆಬಾತು ಮಾಡಿ, ಮೊಸರು ಇಡಿ ಸಾಕು. ಬರುವವರಿಗೆ ಒಂದೊಂದು ಪಲ್ಯ ತರಲು ಹೇಳಿದರೆ ಯಾರಿಗೂ ಭಾರ ಆಗುವುದಿಲ್ಲ. ನವೆಂಬರ್ 1 ಈ ರಾಜ್ಯದಲ್ಲಿ ಸರ್ಕಾರಿ ರಜೆ, ಸತ್ತವರನ್ನು ನೆನೆಯುವ ಸದ್ದಿಲ್ಲದ ದಿನ. ಹಾಡು-ಕುಣಿತದ ರಾಜ್ಯೋತ್ಸವ ಇನ್ನೊಂದು ಶನಿವಾರಕ್ಕೆ ಇರಲಿ. ನವೆಂಬರ್ 1ರಂದು ನಾವು ನಾಲ್ಕು ಮನೆಯವರು ಸೇರಿ ಒಬ್ಬಟ್ಟು ಮಾಡುತ್ತೇವೆ. ಮಕ್ಕಳು ಹೂರಣದ ಉಂಡೆ ಕಟ್ಟುತ್ತಾರೆ.

ಅಪ್ಪ-ಅಮ್ಮನನ್ನು ಊರಿನಿಂದ ಕರೆಸುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲು, ಅವರು ಮನೆಯೊಳಗೆ ಕೂತು ಸೋತುಹೋಗುತ್ತಾರೆ. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು. ನಮ್ಮ ಮಾವ ತಿಪಟೂರು ಕಡೆಯ ರೈತರು. ಬಂದ ಎರಡನೇ ವಾರ, ಊರ ಅಂಚಿನಲ್ಲಿ ಜನ ಬಾಡಿಗೆಗೆ ಪಡೆದು ಬೆಳೆಯುವ ಸಣ್ಣ ಸಣ್ಣ ತೋಟಗಳ ದಾರಿಯಲ್ಲಿ ನಡೆಯುತ್ತಿದ್ದೆವು. ಒಂದು ಬೇಲಿಯ ಬಳಿ ನಿಂತುಬಿಟ್ಟರು. ಒಳಗೆ ಅವರದೇ ವಯಸ್ಸಿನವರೊಬ್ಬರು ನವಿಲುಕೋಸು ಕೀಳುತ್ತಿದ್ದರು. ಎಲೆಯನ್ನು ಕಿತ್ತು ಗುಡ್ಡೆಗೆ ಎಸೆಯುವುದು ನೋಡಿ ಮಾವನಿಗೆ ತಡೆಯಲಾಗಲಿಲ್ಲ. "ಅಯ್ಯೋ, ಸೊಪ್ಪು ಎಸೀತಾರಲ್ಲಮ್ಮಾ" ಎಂದರು ನನಗೆ. ಕೈ ಸನ್ನೆಯಲ್ಲೇ ಕೇಳಿದರು. ಅವರು ನಕ್ಕು ಇಡೀ ಗುಡ್ಡೆಯನ್ನು ಬೇಲಿಯ ಮೇಲಿಂದ ಕೊಟ್ಟರು, ಮೇಲೆ ಎರಡು ಗಡ್ಡೆಯನ್ನೂ ಇಟ್ಟರು. ಅವತ್ತು ರಾತ್ರಿ ಮನೆಯಲ್ಲಿ ಸೊಪ್ಪಿನ ಹುಳಿ, ಮುದ್ದೆ. ಮುಂದಿನ ಭಾನುವಾರ ಬೆಳಿಗ್ಗೆ ನಾವು ಏಳುವ ಮೊದಲೇ ಮಾವ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.