ಮನೆ ತುಂಬ ನಾಯಿಗಳಿದ್ದಾಗ ಕ್ರಿಸ್‌ಮಸ್ ಮಾಡುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕ್ರಿಸ್‌ಮಸ್ ಕೆಲಸ ಶುರುವಾಗುವುದೇ ಒಣದ್ರಾಕ್ಷಿ ನೆನೆಹಾಕುವುದರಿಂದ. ಕೇಕ್‌ಗೆಂದು ವಾರಗಟ್ಟಲೆ ರಮ್ಮಿನಲ್ಲಿ ನೆನೆಯುವ ಆ ಭರಣಿಯನ್ನು ನಾಯಿ ಸಾಕಿದವರು ಎಲ್ಲಕ್ಕಿಂತ ಮೊದಲು ಬಾಗಿಲಿರುವ ಕಪಾಟಿಗೆ ಸೇರಿಸಬೇಕು. ಮರ, ದೀಪ, ನಕ್ಷತ್ರ ಎಲ್ಲ ಆಮೇಲೆ.

ಮೊದಲು ಕೇಕ್

ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡಕ್ಕೆ ವಿಷ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂಬುದು ಪಶುವೈದ್ಯರ ಈಚಿನ ಅಂದಾಜು. ಎಷ್ಟು ತಿಂದರೆ ಅಪಾಯ ಎಂದು ಲೆಕ್ಕ ಹೇಳಲಾಗದು. ಒಂದು ನಾಯಿ ಹಿಡಿಯಷ್ಟು ತಿಂದು ಓಡಾಡಿಕೊಂಡಿರಬಹುದು, ಇನ್ನೊಂದಕ್ಕೆ ನಾಲ್ಕೇ ಕಾಳು ಮುಳುವಾಗಬಹುದು. ಪ್ಲಮ್ ಕೇಕ್‌ನಲ್ಲಿ ಇದರ ಜೊತೆಗೆ ಮದ್ಯ, ಕೆಲವೊಮ್ಮೆ ಚಾಕೊಲೇಟ್ ಕೂಡ ಸೇರಿರುತ್ತದೆ.

ಒಂದೇ ನಾಯಿಯಿದ್ದ ಮನೆಯಲ್ಲಿ ಕೇಕ್ ತಿಂದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಐದಾರು ನಾಯಿಗಳಿದ್ದಲ್ಲಿ ತಟ್ಟೆ ಖಾಲಿಯಾಗಿರುತ್ತದೆ, ಎಲ್ಲ ಮುಖಗಳೂ ಒಂದೇ ಥರ ಇರುತ್ತವೆ. ಆಗ ಎಲ್ಲವೂ ತಿಂದಿವೆ ಎಂದೇ ಭಾವಿಸಿ ಎಲ್ಲವನ್ನೂ ವೈದ್ಯರ ಬಳಿ ಕರೆದೊಯ್ಯಿರಿ. ತಿಂದ ಒಂದೆರಡು ಗಂಟೆಯೊಳಗೆ ಹೋದರೆ ವಾಂತಿ ಮಾಡಿಸಿ ಬಹುಪಾಲು ಹೊರತೆಗೆಯಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾಗುತ್ತದೆ. ಲಕ್ಷಣ ಕಾಣಲಿ ಎಂದು ಕಾಯುವುದೂ ತಪ್ಪು: ಮೂತ್ರ ಕಟ್ಟುವುದು ಒಂದರಿಂದ ಮೂರು ದಿನಗಳ ನಂತರ, ಅಷ್ಟರಲ್ಲಿ ಕೈ ಮೀರಿರುತ್ತದೆ. ಡಿಸೆಂಬರ್ 25 ಸರ್ಕಾರಿ ರಜೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರಲಿ, ನಿಮ್ಮ ಬಡಾವಣೆಯ ಕ್ಲಿನಿಕ್ ಇರಲಿ, ಅಂದು ರಾತ್ರಿ ಯಾವುದು ತೆರೆದಿರುತ್ತದೆ ಎಂದು ಮೊದಲೇ ವಿಚಾರಿಸಿ, ಫೋನ್ ನಂಬರ್ ಫ್ರಿಜ್ ಮೇಲೆ ಅಂಟಿಸಿಡಿ.

ಮರ ಮತ್ತು ಗೋದಲಿ

ಗಾಳಿಮರದ ಕೊಂಬೆಯೋ ಕುಂಡದ ಅರಾಕೇರಿಯಾವೋ, ಯಾವುದಾದರೂ ಸರಿ, ಎರಡು ದಿನ ಅಲಂಕಾರವಿಲ್ಲದೆ ಇಡಿ. ಹೊರಗಿನ ಮರದ ವಾಸನೆಗೆ ಗಂಡುನಾಯಿ ಕಾಲೆತ್ತುವುದು ಸಹಜ; ನಾಯಿಗಳು ಮೂಸಿ ಮೂಸಿ ಬೇಸತ್ತ ಮೇಲೆ ಸಿಂಗರಿಸಿ. ಮರವನ್ನು ಕಿಟಕಿಯ ಸರಳಿಗೆ ಹಗ್ಗದಿಂದ ಬಿಗಿದು ಕಟ್ಟಿ. ಗಾಜಿನ ಗುಂಡುಗಳು ಬಾಲಕ್ಕೆ ಎಟುಕದಷ್ಟು ಮೇಲಿರಲಿ. ಸೀರಿಯಲ್ ಸೆಟ್‌ನ ವೈರು ಗೋಡೆಯುದ್ದಕ್ಕೂ ಅಂಟಿರಲಿ, ಮಲಗುವಾಗ ಪ್ಲಗ್ ಕಿತ್ತಿಡಿ.

ಹೊಳೆಯುವ ಜರಿಪಟ್ಟಿಯನ್ನು ಮಾತ್ರ ಈ ವರ್ಷ ಕೈಬಿಡಿ. ನುಂಗಿದ ಪಟ್ಟಿಯ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆ ನೆರಿಗೆಯಾಗಿ ಸುಕ್ಕಿ, ಕೊನೆಗೆ ಹರಿಯಬಹುದು. ಹಿಂಬದಿಯಲ್ಲಿ ದಾರ ಜೋತಾಡುತ್ತಿದ್ದರೆ ಎಳೆಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಗೋದಲಿಯನ್ನು (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ನೆಲದ ಬದಲು ಎತ್ತರದ ಮೇಜಿನ ಮೇಲೆ ಕಟ್ಟಿ. ಹುಲ್ಲು ಕಂಡರೆ ಮರಿಗಳು ಅದರಲ್ಲೇ ಮಲಗುತ್ತವೆ.

ಅವುಗಳಿಗೂ ಹಬ್ಬದೂಟ

ನಮ್ಮೂಟದ ಮಾಂಸವನ್ನೇ ಮಸಾಲೆ ತೊಳೆದು ಕೊಟ್ಟರಾಯಿತು ಎನ್ನುವವರಿದ್ದಾರೆ. ಹಾಗಾಗದು. ಈರುಳ್ಳಿ, ಬೆಳ್ಳುಳ್ಳಿಯ ಸತ್ವ ಮಾಂಸದೊಳಗೆ ಇಳಿದಿರುತ್ತದೆ, ಅದು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಹಂದಿಮಾಂಸದ ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆರಳಿಸುತ್ತದೆ.

ಬದಲಿಗೆ ಇಡ್ಲಿತಟ್ಟೆ ತೆಗೆಯಿರಿ. ಒಂದು ಬಟ್ಟಲು ರಾಗಿಹಿಟ್ಟು, ಎರಡು ಮೊಟ್ಟೆ, ಕಿವುಚಿದ ಬಾಳೆಹಣ್ಣು, ತುರಿದ ಕ್ಯಾರೆಟ್. ಬೇಕಾದಷ್ಟು ನೀರು ಬೆರೆಸಿ ಹದಿನೈದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ. ಉಪ್ಪು, ಸಕ್ಕರೆ ಎರಡೂ ಬೇಡ. ತಲೆಗೊಂದು ಎಂದು ಹಂಚುವುದು ಸಲೀಸು, ಯಾರ ಪಾಲೂ ಹೆಚ್ಚುಕಮ್ಮಿಯಾಗದು. ಜೊತೆಗೆ ಮೂಳೆಯಿಲ್ಲದ ಬೇಯಿಸಿದ ಕೋಳಿ, ಸಿಹಿಗುಂಬಳ.

ಬಡಿಸುವಾಗ ಒಂದೊಂದಕ್ಕೆ ಒಂದೊಂದು ಮೂಲೆ, ಜಗಳಗಂಟರಿಗೆ ಬಾಗಿಲು ಮುಚ್ಚಿದ ಕೋಣೆ. ದಿನವೂ ಹೊಂದಿಕೊಂಡಿರುವ ನಾಯಿಗಳೂ ಕೋಳಿಯ ವಾಸನೆಗೆ ಕಚ್ಚಾಡುತ್ತವೆ. ಹೊಸ ಆಟಿಕೆಯನ್ನೂ ಗುಂಪಿನ ನಡುವೆ ಎಸೆಯಬೇಡಿ.

ಅತಿಥಿಗಳು, ರಾತ್ರಿಯ ಪೂಜೆ

ಕ್ಯಾರಲ್ ತಂಡ ಬರುವ ಹೊತ್ತು ಗೊತ್ತಿದ್ದರೆ ಅದಕ್ಕೂ ಮೊದಲೇ ದೊಡ್ಡ ವಾಕಿಂಗ್ ಮುಗಿಸಿ. ವಯಸ್ಸಾದ ನಾಯಿಗೆ, ಅಂಜುಬುರುಕನಿಗೆ ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ ಎಂದು ಮೊದಲೇ ಹೇಳಿ. ನೆಂಟರು ಬಂದರೆ, "ಅಕ್ಕ, ತಟ್ಟೆಯಿಂದ ಏನೂ ಹಾಕಬೇಡಿ, ಅವಕ್ಕೆ ಬೇರೆ ಮಾಡಿದ್ದೀನಿ" ಎಂದುಬಿಡಿ, ಯಾರೂ ತಪ್ಪು ತಿಳಿಯುವುದಿಲ್ಲ.

ನಡುರಾತ್ರಿಯ ಬಲಿಪೂಜೆಗೆ (ಚರ್ಚ್‌ನ ಮಾಸ್) ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಕ್ಕೋ ನಿಮ್ಮ ಚರ್ಚ್‌ಗೋ ಹೊರಡುವ ಮುನ್ನ ಮೇಣದಬತ್ತಿ ಆರಿಸಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಹನ್ನೆರಡಕ್ಕೆ ಪಟಾಕಿ ಸಿಡಿದರೆ ಫ್ಯಾನಿನ ಸದ್ದು ಸ್ವಲ್ಪ ಮರೆಮಾಡುತ್ತದೆ. ಜಗಳವಾಡುವ ಜೋಡಿಯನ್ನು ಒಂದೇ ಕೋಣೆಯಲ್ಲಿ ಬಿಟ್ಟುಹೋಗಬೇಡಿ.

ಊಟ ಮುಗಿದ ರಾತ್ರಿ ಕಸದ ಬುಟ್ಟಿ ನೋಡಿ. ಮೂಳೆ, ಕೋಳಿಯ ಜಿಡ್ಡು ಹತ್ತಿದ ಫಾಯಿಲ್, ಕೇಕ್ ಚೂರು, ಟೂತ್‌ಪಿಕ್ ಎಲ್ಲವೂ ಅದರೊಳಗೇ ಇರುತ್ತವೆ. ಗಂಟು ಕಟ್ಟಿ, ಬೆಳಿಗ್ಗೆ ಕಸದ ಗಾಡಿ ಬರುವವರೆಗೆ ಸ್ನಾನದ ಮನೆಯಲ್ಲಿಟ್ಟು ಚಿಲಕ ಹಾಕಿ. ಗೇಟಿನ ಹೊರಗಿಟ್ಟರೆ ಬೀದಿಯ ನಾಯಿಗಳು ಬಿಚ್ಚುತ್ತವೆ. ಅವುಗಳ ಹೊಟ್ಟೆಗೂ ಆ ಮೂಳೆ ಅಷ್ಟೇ ಕೆಟ್ಟದ್ದು.