ಎಂಟನೇ ತರಗತಿಯ ಎಲ್ಲರನ್ನೂ ಎನ್‌ಎಂಎಂಎಸ್‌ಗೆ ಕೂರಿಸಿದ ನನ್ನ ಅನುಭವ

ಈ ಸಲ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಿಂದ ಎನ್‌ಎಂಎಂಎಸ್‌ಗೆ, ಅಂದರೆ ಬಡ ಮಕ್ಕಳಿಗೆ ಪರೀಕ್ಷೆ ಇಟ್ಟು ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ, ಒಂಬತ್ತು ಮಕ್ಕಳು ಆಯ್ಕೆಯಾಗಿದ್ದಾರೆ. ಎಂಟನೇ ತರಗತಿಯಲ್ಲಿ ಇರುವುದೇ ಮೂವತ್ತರ ಆಸುಪಾಸು. ಮೊದಲೆಲ್ಲ ಒಬ್ಬರು ಬಂದರೆ ಹೆಚ್ಚು, ಎಷ್ಟೋ ವರ್ಷ ಅದೂ ಇಲ್ಲ. ನಮ್ಮ ಕ್ಲಸ್ಟರ್‌ನಲ್ಲಿ (ಸುತ್ತಲಿನ ಶಾಲೆಗಳ ಗುಂಪಿನಲ್ಲಿ) ಒಂದೇ ಶಾಲೆಯಿಂದ ಇಷ್ಟು ಮಕ್ಕಳು ಬಂದದ್ದು ನನಗೆ ನೆನಪಿಲ್ಲ.

ಧ್ಯೇಯವಾಕ್ಯ ಎಲ್ಲ ಶಾಲೆ ಗೋಡೆ ಮೇಲೂ ಇರುತ್ತದೆ. ನಮ್ಮಲ್ಲೂ 'ಸರ್ವತೋಮುಖ ಬೆಳವಣಿಗೆ' ಅಂತ ಇತ್ತು. ಅದನ್ನು ಓದಿದರೆ ಸೋಮವಾರ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಲ್ವಾ? ಎಸ್‌ಡಿಎಂಸಿ (ಪೋಷಕರಿರುವ ಶಾಲಾ ಸಮಿತಿ) ಸಭೆಯಲ್ಲಿ ಕೂತು ಒಂದೇ ಸಾಲು ಬರೆದೆವು: ಅರ್ಹತೆ ಇರುವ ಒಂದು ಮಗುವೂ ಈ ಪರೀಕ್ಷೆ ಬರೆಯದೆ ಉಳಿಯಬಾರದು. 'ಜಾಣರು ಐದು ಜನರನ್ನ ಆರಿಸಿಕೊಳ್ಳಿ ಮೇಷ್ಟ್ರೇ, ಎಲ್ಲರನ್ನೂ ಎಳ್ಕೊಂಡು ಹೋದ್ರೆ ಆ ಐದೂ ಕೆಡ್ತಾವೆ' ಅಂದರು ನಮ್ಮ ಹಿರಿಯರೊಬ್ಬರು. ಕ್ಲಸ್ಟರ್ ಸಭೆಯಲ್ಲೂ ಇದೇ ಮಾತು. ಆದರೆ ಐದು ಜನರನ್ನ ಆರಿಸುವ ದಾರಿಯಲ್ಲೇ ಅಲ್ವಾ ಇಷ್ಟು ವರ್ಷ ಸೊನ್ನೆ ಬಂದದ್ದು.

ಮೊದಲು ಸಂಜೆ ತರಗತಿ ನಡೆಸಿದೆವು. ನಡೆಯಲಿಲ್ಲ. ಐದರ ಬಸ್ಸು ತಪ್ಪಿದರೆ ಪಕ್ಕದ ಹಳ್ಳಿ ಹೆಣ್ಣುಮಕ್ಕಳು ಮನೆ ಸೇರುವುದು ಕಷ್ಟ, ಉಳಿದವರಿಗೆ ಅಷ್ಟೊತ್ತಿಗೆ ಹೊಟ್ಟೆ ಹಸಿದು ಪ್ರಶ್ನೆ ತಲೆಗೇ ಹೋಗುವುದಿಲ್ಲ. ಮಂಡಕ್ಕಿ, ಶೇಂಗಾ ತರಿಸಿದೆ, ವಾರಕ್ಕೆ ನಾಲ್ಕೈದು ನೂರು ಹೋಯಿತು, ಹಾಜರಾತಿ ಮಾತ್ರ ಏರಲಿಲ್ಲ. ಆಮೇಲೆ ಬೆಳಗ್ಗೆ ಪ್ರಾರ್ಥನೆಗೆ ಮುಂಚಿನ ಮುಕ್ಕಾಲು ಗಂಟೆಗೆ ಬದಲಾಯಿಸಿದೆವು. ಬೆಳಗಿನ ಬಸ್ಸು ಹೇಗೂ ಬೇಗ ಬರುತ್ತದೆ, ಮಕ್ಕಳು ಸುಮ್ನೆ ಅಂಗಳದಲ್ಲಿ ಕೂತಿರುತ್ತಿದ್ದರು.

ಗೈಡ್‌ಗಳಿಗೆ ಸಾವಿರದಷ್ಟು ಹಾಕಿದ್ದೂ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಮಕ್ಕಳು ಉತ್ತರ ನೋಡಿಕೊಂಡು ಬಾಯಿಪಾಠ ಮಾಡುತ್ತಾರೆ. ಓಎಂಆರ್ ಹಾಳೆಗೆ, ಅಂದರೆ ವೃತ್ತ ತುಂಬುವ ಉತ್ತರ ಹಾಳೆಗೆ, ಲ್ಯಾಮಿನೇಷನ್ ಮಾಡಿಸಿ ಮಾರ್ಕರ್ ಕೊಟ್ಟೆವು, ಒರೆಸಿ ಮತ್ತೆ ಬಳಸಬಹುದು, ಜೆರಾಕ್ಸ್ ದುಡ್ಡು ಉಳಿಯಿತು. ಆದರೆ ಮಕ್ಕಳಿಗೆ ಒರೆಸುವುದೇ ಅಭ್ಯಾಸವಾಯಿತು, ಪೆನ್ನು ಕೊಟ್ಟಾಗ ಒಂದೇ ಪ್ರಶ್ನೆಗೆ ಎರಡೆರಡು ವೃತ್ತ ತುಂಬಿದರು. ಮತ್ತೆ ಜೆರಾಕ್ಸ್‌ಗೇ ಬಂದೆವು. ವಾರಕ್ಕೊಂದು ಹಾಳೆ, ಬಾಲ್ ಪೆನ್ನು, 90 ಪ್ರಶ್ನೆಗೆ 90 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಐದು ನಿಮಿಷ ಖಾಲಿ ಬಿಟ್ಟದ್ದನ್ನು ತುಂಬುವುದಕ್ಕೇ ಮೀಸಲು.

ನಿಜವಾಗಿ ಕೆಲಸ ಮಾಡಿದ್ದು ಮಕ್ಕಳೇ ಪ್ರಶ್ನೆ ತಯಾರಿಸಿದ್ದು. ದಿನಕ್ಕೊಂದು ಜೋಡಿ, ಮ್ಯಾಟ್‌ನ (ಬುದ್ಧಿಶಕ್ತಿ ಪರೀಕ್ಷಿಸುವ ಪತ್ರಿಕೆಯ) ಎರಡು ಪ್ರಶ್ನೆ, ಬೋರ್ಡಿನ ಮೇಲೆ. ಅಕ್ಷರ ಸಂಕೇತಕ್ಕೆ ಇ-ಜೆ-ಓ-ಟಿ-ವೈ ಹೇಳಿಕೊಟ್ಟೆ, ಅಂದರೆ 5, 10, 15, 20, 25. ಅಷ್ಟು ಹಿಡಿದುಕೊಂಡರೆ ಉಳಿದ ಅಕ್ಷರದ ಸ್ಥಾನ ಬೆರಳಲ್ಲೇ ಸಿಗುತ್ತದೆ. ದಿಕ್ಕಿನ ಪ್ರಶ್ನೆಗೆ ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆವು. ಹಿಂದಿನ ಬೆಂಚಿನ ಒಬ್ಬ ಹುಡುಗ, ರಜೆ ಬಂತಂದ್ರೆ ಕುರಿ ಹಿಂದೆ ಹೋಗುವವನು, ಏಳನೇ ತರಗತಿಯಲ್ಲಿ ಐವತ್ತೈದು ಶೇಕಡ ದಾಟಿದ್ದೇ ಹೆಚ್ಚು. 'ಬೆಳಗ್ಗೆ ಸೂರ್ಯನಿಗೆ ಬೆನ್ನು ಮಾಡಿ ನಿಂತರೆ ಎಡಗೈ ಯಾವ ಕಡೆ?' ಅಂತ ಕೇಳಿದರೆ ಉಳಿದವರು ಪುಸ್ತಕದಲ್ಲಿ ಗೀಚುತ್ತಿದ್ದರು, ಇವನು ಕೂತಲ್ಲಿಂದಲೇ 'ದಕ್ಷಿಣ ಸಾರ್' ಅಂದ. ಆ ಒಂಬತ್ತರಲ್ಲಿ ಇವನೂ ಇದ್ದಾನೆ. ಐದು ಜನರ ಪಟ್ಟಿ ಮಾಡಿದ್ದರೆ ಇವನ ಹೆಸರು ಯಾರೂ ಬರೆಯುತ್ತಿರಲಿಲ್ಲ. ಯಾರ ಜೊತೆ ಯಾರನ್ನು ಜೋಡಿ ಮಾಡಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಇದರ ನಡುವೆ ಆರನೇ ತರಗತಿಯವರಿಗೂ ಕನ್ನಡಿ ಪ್ರತಿಬಿಂಬದ ಆಟ ಹಚ್ಚಿದೆ. ಕ್ಷೌರದ ಕನ್ನಡಿ ಇಟ್ಟು ಗಡಿಯಾರ ಓದಿಸುವುದು. ಎಂಟರವರಿಗಿಂತ ಇವರೇ ಚುರುಕು! ಮುಂದಿನ ವರ್ಷದಿಂದ ಮ್ಯಾಟ್ ಆರರಿಂದಲೇ ಶುರು. ಸ್ಯಾಟ್‌ನಲ್ಲಿ (ಪಠ್ಯ ವಿಷಯಗಳ ಪತ್ರಿಕೆಯಲ್ಲಿ) ವಿಜ್ಞಾನ, ಸಮಾಜ ಪಾಠದ ಜೊತೆಗೇ ಆಗುತ್ತವೆ, ಅದಕ್ಕೆ ಬೇರೆ ಹೊತ್ತು ಕೊಡಲಿಲ್ಲ.

ಒಟ್ಟು ಖರ್ಚು ಹನ್ನೆರಡು ಸಾವಿರದ ಹತ್ತಿರ. ಮೂರು ಸಾವಿರದಷ್ಟು ಪರೀಕ್ಷಾ ಕೇಂದ್ರಕ್ಕೆ ಹೋದ ಟೆಂಪೋ ಬಾಡಿಗೆಗೆ, ಉಳಿದದ್ದರಲ್ಲಿ ಜೆರಾಕ್ಸೇ ಜಾಸ್ತಿ. ಅರ್ಧ ಹಳೆ ವಿದ್ಯಾರ್ಥಿಗಳು ಕೊಟ್ಟರು, ಸ್ವಲ್ಪ ನನ್ನ ಜೇಬಿಂದ. ವಿದ್ಯಾರ್ಥಿವೇತನವಾಗಿ ಮಗುವಿಗೆ ಸಿಗುವುದು ವರ್ಷಕ್ಕೆ 12,000, ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ 48,000. ಒಂಬತ್ತು ಮಕ್ಕಳಿಗೆ 4 ಲಕ್ಷ 32 ಸಾವಿರ! ಎಸ್‌ಡಿಎಂಸಿ ಅಧ್ಯಕ್ಷರು ಇದನ್ನು ಎರಡು ಸಲ ಗುಣಿಸಿ ನೋಡಿದರು.

ಆಯ್ಕೆಯಾದರೆ ದುಡ್ಡು ಬಂದೇ ಬಿಟ್ಟಿತು ಅಂದುಕೊಳ್ಳಬೇಡಿ. ಆಧಾರ್‌ನಲ್ಲಿ ಒಂದು ಹೆಸರು, ಸ್ಯಾಟ್ಸ್‌ನಲ್ಲಿ (ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ದಾಖಲೆ) ಇನ್ನೊಂದು, ಖಾತೆಗೆ ಆಧಾರ್ ಜೋಡಣೆ ಆಗಿಲ್ಲ, ಹೀಗೆ ಹಿಂದೆ ಒಬ್ಬಳ ಮೊದಲ ವರ್ಷದ ಹಣವೇ ಬರಲಿಲ್ಲ. ಈಗ ಏಳನೇ ತರಗತಿಯ ಜೂನ್‌ನಲ್ಲೇ ಒಬ್ಬೊಬ್ಬರ ಆಧಾರ್ ಕಾರ್ಡ್ ತರಿಸಿ ಸ್ಯಾಟ್ಸ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡುತ್ತೇವೆ. ಹತ್ತರಲ್ಲಿ 60 ಶೇಕಡ ಬರದಿದ್ದರೆ, ಪರಿಶಿಷ್ಟರಿಗೆ 55, ಪಿಯುಸಿಯಲ್ಲಿ ಹಣ ನಿಲ್ಲುತ್ತದೆ. ಅದಕ್ಕೇ ಹೈಸ್ಕೂಲಿನ ಗಣಿತ ಮೇಡಂ ಹತ್ತಿರ ಮಾತಾಡಿ ಆ ಒಂಬತ್ತು ಹೆಸರು ಕೊಟ್ಟು ಬಂದಿದ್ದೇನೆ.