ಉಡುಗೊರೆ ಬಿಟ್ಟು ಕಂಬ ನಿಲ್ಲಿಸಿದೆವು: ನನ್ನ ಅನುಭವ

ಡಿಸೆಂಬರ್ ಪಾರ್ಟಿಯಲ್ಲಿ ಮಕ್ಕಳಿಗೆ ಉಡುಗೊರೆ ಬೇಡ, ಫೆಸ್ಟಿವಸ್ ಮಾಡೋಣ ಅಂದಾಗ ನ್ಯೂಜೆರ್ಸಿಯ ನಮ್ಮ ಎಡಿಸನ್ ಊರಿನ ಕನ್ನಡ ಮನೆಗಳಲ್ಲಿ ಒಬ್ಬರೂ ನಂಬಲಿಲ್ಲ. ಫೆಸ್ಟಿವಸ್ ಅಂದರೆ ಡಿಸೆಂಬರ್ 23ರ ತಮಾಷೆಯ ಹಬ್ಬ: ಕ್ರಿಸ್‌ಮಸ್ ಮರದ ಬದಲು ಬರೀ ಅಲ್ಯೂಮಿನಿಯಂ ಕಂಬ, ಒಬ್ಬರ ಮೇಲೊಬ್ಬರು ಹೇಳುವ ದೂರು, ಕೊನೆಗೆ ಬಲಪ್ರದರ್ಶನ. "ಒಂದು ವರ್ಷ ತಮಾಷೆಗೆ ನಡೆಯುತ್ತೆ, ಆಮೇಲೆ ಎಲ್ಲರೂ ಮಾಲ್ ಕಡೆಗೇ" ಅಂದರು. ಈಗ ನವೆಂಬರ್ ಬಂದರೆ ಸಾಕು, "ಕಂಬ ಎಷ್ಟು ಗಂಟೆಗೆ?" ಅಂತ ಮೊದಲು ಫೋನ್ ಮಾಡುವವರು ಅವರೇ.

ಮೊದಲು ದುಡ್ಡಿನ ಮಾತು. ಎಂಟು ಹತ್ತು ಮನೆ, ಹದಿನೈದರ ಆಸುಪಾಸು ಮಕ್ಕಳು. ತಲೆಗೆ 20–25 ಡಾಲರ್ ಹಿಡಿದರೂ ಮನೆಯೊಂದಕ್ಕೆ 300ರಿಂದ 375ರ ತನಕ ಹೋಗುತ್ತಿತ್ತು, ಸುತ್ತುವ ಕಾಗದದ ಖರ್ಚು ಬೇರೆ. ಜನವರಿಯ ಕಾರ್ಡ್ ಬಿಲ್ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಚೀಟಿ ಎತ್ತಿ ಒಬ್ಬೊಬ್ಬರು ಒಬ್ಬರಿಗಷ್ಟೇ ಗುಟ್ಟಾಗಿ ಉಡುಗೊರೆ ಕೊಡುವ ಸೀಕ್ರೆಟ್ ಸಾಂಟಾ ಮಾಡಿ 25 ಡಾಲರ್ ಮಿತಿ ಇಟ್ಟೆವು. ಒಂದು ಮಗುವಿಗೆ 60 ಡಾಲರ್‌ನ ಹೆಡ್‌ಫೋನ್ ಬಂತು, ಪಕ್ಕದ ಮಗುವಿಗೆ ಮೇಣದಬತ್ತಿ. ಮಿತಿಗೆ ಅಲ್ಲಿಗೇ ಎಳ್ಳುನೀರು. ಕೆನಡಾದ ವ್ಯಾಂಕೂವರ್‌ನಲ್ಲಿ 1992ರಲ್ಲಿ ಶುರುವಾದ 'ಏನೂ ಕೊಳ್ಳದ ದಿನ'ವನ್ನೂ ಪ್ರಯತ್ನಿಸಿದೆವು. ಥ್ಯಾಂಕ್ಸ್‌ಗಿವಿಂಗ್ ಮರುದಿನ, ಅಂದರೆ ಅಂಗಡಿಗಳ ದೊಡ್ಡ ಸೇಲ್‌ನ ಶುಕ್ರವಾರ, ಎಲ್ಲರೂ ಕೈಕಟ್ಟಿ ಕೂತರು, ಸೋಮವಾರ ಆನ್‌ಲೈನ್‌ನಲ್ಲಿ ಬಡ್ಡಿ ಸಮೇತ ಕೊಂಡರು. ನಮ್ಮದೇ ನ್ಯೂಜೆರ್ಸಿಯ ಮಾನವತಾವಾದಿಗಳು 2001ರಲ್ಲಿ ಆರಂಭಿಸಿದ ಹ್ಯೂಮನ್‌ಲೈಟ್ ಕೂಡ ಡಿಸೆಂಬರ್ 23ರಂದೇ. ದೀಪ ಹಚ್ಚಿ ವಿವೇಕ, ಕರುಣೆ, ಭರವಸೆಯ ಬಗ್ಗೆ ನಾಲ್ಕು ಮಾತಾಡುವ ಒಳ್ಳೆಯ ಹಬ್ಬ ಅದು. ಆದರೆ ನಮ್ಮ ಮಕ್ಕಳಿಗೆ ಗಲಾಟೆ ಬೇಕು.

ಕಂಬದ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವೈರಿಂಗ್ ಪೈಪು ಸತು ಬಳಿದ ಉಕ್ಕಿನದು. ಅದು ಭಾರ, ಮಂಕು. ಅಲ್ಯೂಮಿನಿಯಂ ಕೊಳವೆಯೇ ಆಗಬೇಕು. ಮಿಲ್ವಾಕಿಯ ವ್ಯಾಗ್ನರ್ ಕಂಪನಿ 2005ರಿಂದ ಫೆಸ್ಟಿವಸ್ ಕಂಬವನ್ನೇ ಮಾಡಿ ಮಾರುತ್ತಿದೆ. ಆ ವರ್ಷ ವಿಸ್ಕಾನ್ಸಿನ್ ಗವರ್ನರ್ ಜಿಮ್ ಡಾಯ್ಲ್ ತಮ್ಮ ಅಧಿಕೃತ ನಿವಾಸದಲ್ಲೇ ಒಂದನ್ನು ನಿಲ್ಲಿಸಿದ್ದರು. ನಾನು ಲೋಹದ ಅಂಗಡಿಯಿಂದ ಆರಡಿ ಉದ್ದ, ಒಂದೂವರೆ ಇಂಚು ದಪ್ಪದ್ದು ತಂದೆ, 30 ಡಾಲರ್ ಇರಬೇಕು. ಕ್ರಿಸ್‌ಮಸ್ ಮರದ ಸ್ಟ್ಯಾಂಡಿಗೆ ಹಾಕಿದರೆ ಸ್ಕ್ರೂ ಒತ್ತಿ ಕೊಳವೆ ತಗ್ಗಾಯಿತು, ಊಟದ ಹೊತ್ತಿಗೆ ವಾಲಿ ಸೋಫಾ ಮೇಲೆ ಬಿತ್ತು. ಹಿತ್ತಲಿನ ದೊಡ್ಡ ಛತ್ರಿಯ ಬುಡ ತಂದು, ಕೊಳವೆಗೆ ಹಳೆ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿ ಇಳಿಸಿದ ಮೇಲೆ ಅಲುಗಾಡಿಲ್ಲ. ಅಲಂಕಾರ ಕೂಡದು, ಒಂದು ಎಳೆ ಜರಿಯೂ ಬೇಡ. ಹೊಳಪಿಗೆ ಏನು ಉಜ್ಜುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಸಾಮಾನು ಅಡುಗೆಮನೆಯದೇ.

ಹಬ್ಬದ ಜೀವ ಇರುವುದು ದೂರು ಹೇಳುವುದರಲ್ಲಿ. ಟಿವಿಯಲ್ಲಿ ಸೈನ್‌ಫೆಲ್ಡ್ ಅನ್ನುವ ಅಮೆರಿಕದ ಹಾಸ್ಯ ಧಾರಾವಾಹಿ ಈ ಹಬ್ಬವನ್ನು ತೋರಿಸಿದ್ದು 1997ರ ಡಿಸೆಂಬರ್ 18ಕ್ಕೆ. ಅದನ್ನು ಬರೆದವರಲ್ಲಿ ಒಬ್ಬರಾದ ಡ್ಯಾನ್ ಓಕೀಫ್ ಅವರ ಅಪ್ಪ 1966ರಿಂದಲೇ ಮನೆಯಲ್ಲಿ ಈ ಹಬ್ಬ ಮಾಡುತ್ತಿದ್ದರು, ದೂರುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ನಾವೂ ಫೋನಿನಲ್ಲಿ ರೆಕಾರ್ಡ್ ಮಾಡಹೊರಟೆವು. ಎಲ್ಲರ ಬಾಯಿಗೂ ಬೀಗ ಬಿತ್ತು. ಫೋನ್ ತೆಗೆದಿಟ್ಟರೆ ಕಟ್ಟೆ ಒಡೆಯಿತು: ಏರ್‌ಪೋರ್ಟಿಗೆ ಬಿಡಲಿಲ್ಲ ಅನ್ನುವ ನಾಲ್ಕು ವರ್ಷದ ಹಳೇ ಸಿಟ್ಟೆಲ್ಲ ಹೊರಬಂದು, ಎರಡು ಮನೆಯವರು ಯುಗಾದಿವರೆಗೂ ಮಾತು ಬಿಟ್ಟರು.

ಅಲ್ಲಿಂದ ಈಚೆ ನಿಯಮ ಬಿಗಿ. ಈ ವರ್ಷದ್ದೇ ದೂರು ಆಗಬೇಕು. ಎದುರಿಗೆ ಕೂತವರ ಮೇಲಿನದೇ ಆಗಬೇಕು. ಒಂದು ನಿಮಿಷ, ಮೊಟ್ಟೆ ಬೇಯಿಸುವ ಟೈಮರ್ ಇಟ್ಟು. ಸಾಲ ಮತ್ತು ಅತ್ತೆಮನೆ ಎತ್ತುವಂತಿಲ್ಲ. ಕೇಳಿಸಿಕೊಂಡವರು ಉತ್ತರ ಕೊಡುವಂತಿಲ್ಲ, "ಆಯ್ತು" ಅಂದರೆ ಮುಗಿಯಿತು. ಈ ಕೊನೆಯದೇ ಬೀಗದಕೈ. ಹೋದ ಸಲ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಮ್ಮ, ಊರಿಗೆ ಫೋನ್ ಮಾಡಿದಾಗೆಲ್ಲ ನನ್ನ ಮಾರ್ಕ್ಸ್ ಅಜ್ಜಿಗೆ, ದೊಡ್ಡಮ್ಮಂಗೆ, ಎಲ್ಲರಿಗೂ ಹೇಳ್ತೀಯ. ನನ್ನ ಕೇಳೋದೇ ಇಲ್ಲ" ಅಂದಳು. ಅವಳಮ್ಮ ಬಾಯಿ ತೆರೆದರು, ನಾನು ಟೈಮರ್ ತೋರಿಸಿದೆ. "ಆಯ್ತು ಪುಟ್ಟಾ" ಅಂದರು. ಈಗ ಫೋನ್ ಹಚ್ಚುವ ಮೊದಲು ಮಗಳನ್ನು ಕೇಳುತ್ತಾರೆ. 60 ಡಾಲರ್‌ನ ಹೆಡ್‌ಫೋನಿಗೆ ಆ ಕೆಲಸ ಆಗುತ್ತಿರಲಿಲ್ಲ. ಬಾಯಿ ಬಿಡದ ಗಂಡಸರನ್ನು ಮಾತಾಡಿಸಲು ಯಾರನ್ನು ಯಾರ ನಂತರ ಕರೆಯಬೇಕು ಅನ್ನುವ ಲೆಕ್ಕವೊಂದಿದೆ. ಅದನ್ನು ನೀವೇ ಕಂಡುಕೊಳ್ಳಿ.

ಬಲಪ್ರದರ್ಶನಕ್ಕೆ ಟಿವಿಯಲ್ಲಿರುವ ಹಾಗೆ ನೆಲದ ಮೇಲೆ ಕುಸ್ತಿ ಬೇಡ. ನಮ್ಮನೆಯವರ ಸೊಂಟ ಹಿಡಿದು, ಫಿಸಿಯೋಥೆರಪಿಗೆ 200 ಡಾಲರ್ ಹತ್ತಿರ ಹೋಯಿತು. ಪಂಜಾ ಕುಸ್ತಿ ಇಟ್ಟುಕೊಂಡಿದ್ದೇವೆ, ಮನೆಯೊಡತಿ ಸೋಲುವ ತನಕ ಹಬ್ಬ ಮುಗಿಯುವುದಿಲ್ಲ. ಕಳೆದ ಸಲ ಹನ್ನೊಂದು ಗಂಟೆ ದಾಟಿತು. ಊಟಕ್ಕೆ ಬಿಸಿಬೇಳೆಬಾತ್, ಬೂಂದಿ. ಎಲ್ಲ ಸೇರಿ ಮನೆಯೊಂದಕ್ಕೆ 30 ಡಾಲರ್ ಮೀರುವುದಿಲ್ಲ.

ಮಕ್ಕಳು ಡಿಸೆಂಬರ್ 25ಕ್ಕೂ ಏನಾದರೂ ಬೇಕೆಂದರು. ಇಂಗ್ಲೆಂಡಿನ ಆಗಿನ ಹಳೇ ಕ್ಯಾಲೆಂಡರಿನಲ್ಲಿ 1642ರ ಆ ದಿನವೇ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ ತೋರಿಸಿದ ನ್ಯೂಟನ್ ಹುಟ್ಟಿದ್ದಲ್ಲವೇ, ಗಾಜಿನ ಪಟ್ಟಕ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲು ಬೀಳಿಸಿದೆವು. ಚಳಿಗಾಲದ ಬಿಸಿಲು ಓರೆಯಾಗಿ ಒಳಗೆ ಬರುವುದರಿಂದ ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಚೆನ್ನಾಗಿ ಬೀಳುತ್ತದೆ. ಓಕೀಫ್ ಮನೆಯಲ್ಲಿ ಗಡಿಯಾರವನ್ನು ಚೀಲದಲ್ಲಿ ಹಾಕಿ ಗೋಡೆಗೆ ಮೊಳೆ ಹೊಡೆಯುತ್ತಿದ್ದರಂತೆ. ಅದನ್ನೂ ಮಾಡಿದೆವು, ಅಂಗಡಿಯ ಬಟ್ಟೆಚೀಲದಲ್ಲಿ. ಚಿಕ್ಕ ಮಕ್ಕಳಿಗೆ ಕಂಬಕ್ಕಿಂತ ಅದೇ ಇಷ್ಟ.

ಈ ವರ್ಷ ಪಕ್ಕದ ಊರು ಪಿಸ್ಕಾಟವೇ ಕಡೆಯ ಎರಡು ಮನೆಯವರು ತಾವೂ ಶುರು ಮಾಡುತ್ತಾರಂತೆ. ಇಬ್ಬರೂ ಸೇರಿ 12 ಅಡಿಯ ಕೊಳವೆ ತಂದರೆ ಅಗ್ಗ, ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ಅಂಚನ್ನು ಅರ ಹಾಕಿ ಉಜ್ಜಿಕೊಳ್ಳಿ, ಇಲ್ಲದಿದ್ದರೆ ಮಕ್ಕಳ ಕೈ ಕೊಯ್ಯುತ್ತದೆ.